ಹಸಿದ ಕೌದಿ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ. ನಬಿಲಾಲ. ಸಿಂದಗಿಯ ದನದ ಸಂತೆಯ ಬದಿಗೆ ಬೇವಿನ ಗಿಡದ ಕೆಳಗೆ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಹೊಡೆಯುವ ನಬಿಲಾಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೆದರಿಸುತ್ತಿದ್ದಳು. ಇಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಅವನು ಗುಂಡುಕಲ್ಲಿನ ಹಾಗೆ ಇದ್ದಾನೆ.

ನನ್ನ ಹೆಸರು ಸುಗ್ರಾ. ಓಣಿಯವರಿಗೆ ನಾನು ಕೌದಿ ಸುಗ್ರಾ. ಹಳೆಯ ಸೀರೆ, ಧೋತರ, ರುಮಾಲು, ಏನು ಕೊಟ್ಟರೂ ಪದರ ಪದರ ಹಾಸಿ, ಅಂಚಿನಿಂದ ಸುತ್ತು ಹೊಡೆಯುತ್ತ ನಡುವಿನವರೆಗೆ ಹೊಲಿದು ಕೊಡುತ್ತೇನೆ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ನನ್ನ ಕೌದಿ ಹರಿದದ್ದನ್ನು ಯಾರೂ ನೋಡಿಲ್ಲ. ಬಟ್ಟೆ ಹರಿದೀತು, ಹೊಲಿಗೆ ಹರಿಯುವುದಿಲ್ಲ. ಊರಿನ ಎಷ್ಟೋ ಮನೆಯ ಕೂಸುಗಳು ನಾನು ಹೊಲಿದ ಕೌದಿಯ ಮೇಲೆ ಉಚ್ಚೆ ಹೊಯ್ದು ದೊಡ್ಡವಾಗಿವೆ. ನನ್ನ ಹೊಟ್ಟೆಯಲ್ಲಿ ಮಾತ್ರ ಏನೂ ನಿಲ್ಲಲಿಲ್ಲ. ನಿಲ್ಲುವುದೇನು, ಬರಲೇ ಇಲ್ಲ.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ದೊಡ್ಡವರ ಕೌದಿಗೆ ಇಲ್ಲ, ಕೂಸಿನ ಕೌದಿಗೆ ಮಾತ್ರ. ಮೂರು ಮೂಲೆ ಮುಚ್ಚಿ ಹೊಲಿದು, ನಾಲ್ಕನೆಯದನ್ನು ಎರಡು ಬೆರಳು ಹೋಗುವಷ್ಟು ತೆರೆದು ಬಿಡುತ್ತೇವೆ. ಕೂಸು ಹುಟ್ಟಿ ಅದರ ಮೇಲೆ ಮಲಗಿದ ಮೇಲೆ, ತಾಯಿಯಾದವಳು ಆ ಸಂದಿಯಲ್ಲಿ ಒಂದು ಚಿಟಿಕೆ ಮಾಲದಿ ತುಂಬಿ ಮೂಲೆ ಮುಚ್ಚುತ್ತಾಳೆ. ಮಾಲದಿ ಎಂದರೆ ಚಪಾತಿ ಮುರಿದು ಬೆಲ್ಲ ತುಪ್ಪದಲ್ಲಿ ಕಲಸಿದ್ದು. ಕೌದಿ ಹಸಿದಿದ್ದರೆ ಕೂಸೂ ಹಸಿದಿರುತ್ತದೆ ಎಂದು ಹಿರಿಯರ ಮಾತು. ಮೂಲೆ ಮುಚ್ಚಿದವಳೇ ತಾಯಿ. ಹೆತ್ತವಳು ಒಬ್ಬಳು, ಸಾಕುವವಳು ಒಬ್ಬಳಾದರೆ ಸಾಕುವವಳೇ ಮುಚ್ಚಬೇಕು. ನನ್ನ ಅತ್ತೆ ರಾಜಬಿ ತಾನೇ ಹಾಗೆ ಚಿಕ್ಕಮ್ಮನ ಉಡಿಯಲ್ಲಿ ಬೆಳೆದವಳು. "ನನ್ನ ಮೂಲಿ ಮುಚ್ಚಿದಾಕಿನ ನಮ್ಮವ್ವ, ಹಡದಾಕಿ ಮಾರಿ ನಂಗ ನೆನಪಿಲ್ಲ" ಎಂದು ನೂರು ಸಲ ಹೇಳಿದ್ದಾಳೆ. ರೂಢಿ ಗೊತ್ತಿರಲಿಲ್ಲ ಎಂದು ಅವಳು ಮಾತ್ರ ಹೇಳುವ ಹಾಗಿಲ್ಲ.

ಅತ್ತೆ ಇರುವುದು ಹೊರ್ತಿಯಲ್ಲಿ, ಕಿರಿಯ ಮಗ ಬಾಬುಲಾಲನ ಹತ್ತಿರ. ಅವನು ಅಲ್ಲಿ ಹೊಲ ಮಾಡಿಕೊಂಡಿದ್ದಾನೆ. ಅವನ ಹೆಂಡತಿ ಶಮಶಾದಬಿ, ನನ್ನ ನೆಗೆಣ್ಣಿ, ಆಗ ಎರಡು ಹೆಣ್ಣು ಹಡೆದು ಮೂರನೆಯದಕ್ಕೆ ಬಸುರಾಗಿದ್ದಳು. ಮುಂಬಯಿ ರಾಜ್ಯ ಹೋಗಿ ಮೈಸೂರು ಬಂದು ಎರಡೋ ಮೂರೋ ವರ್ಷ ಆಗಿದ್ದ ಕಾಲ ಅದು. ಆ ವರ್ಷ ಸುಗ್ಗಿ ಮುಗಿದ ಮೇಲೆ ಅತ್ತೆ ಸಿಂದಗಿಗೆ ಬಂದಳು. ಬಂದವಳು ನೀರು ಕುಡಿದಳು, ಎಲೆ ಅಡಿಕೆ ಹಾಕಿಕೊಂಡಳು, ಆಮೇಲೆ ಶುರು ಮಾಡಿದಳು.

"ಚಡಚಣದಾಗ ಒಂದು ಹುಡುಗಿ ಐತಿ. ಬಡವರು. ಸಾಬೀರಾ ಅಂತ ಹೆಸರು. ನಬಿಲಾಲಗ ಕೇಳ್ಯಾರ."

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳಿಗೆ ಖುಷಿ.

"ನಾ ಇನ್ನೂ ಸತ್ತಿಲ್ಲರಿ ಅತ್ತೀ," ಎಂದೆ.

"ಸಾಯಿ ಅಂತ ಯಾರ ಅಂದಾರ? ನೀ ಇರು. ಆಕಿನೂ ಇರ್ಲಿ. ಮನ್ಯಾಗ ಒಂದು ಕೂಸು ಬ್ಯಾಡೇನ?"

ನಬಿಲಾಲ ಬಾಗಿಲ ಹತ್ತಿರ ಕೂತು ತೊಲೆ ನೋಡುತ್ತಿದ್ದ. ಅವನ ಸ್ವಭಾವವೇ ಅದು. ಮನೆಯಲ್ಲಿ ಜಗಳ ಬಂದರೆ ಅವನಿಗೆ ತೊಲೆಯಲ್ಲಿ ಏನೋ ಕಾಣಿಸುತ್ತದೆ. ಹಾಯಲು ಬರುವ ಎತ್ತನ್ನು ಹಗ್ಗ ಹಾಕಿ ಕೆಡವುವ ಗಂಡಸು, ಅವ್ವನ ಮುಂದೆ ಬಾಯಿ ಬಿಡುವುದಿಲ್ಲ.

ಅವತ್ತು ನಾನು ಅತ್ತೆಯ ಕಾಲು ಹಿಡಿದೆ. ಹೌದು, ಹಿಡಿದೆ. ಸವತಿ ತರಬೇಡಿ, ಬೇಕಾದರೆ ಯಾರದಾದರೂ ಒಂದು ಕೂಸು ಉಡಿಗೆ ಹಾಕಿರಿ, ನನ್ನ ಜೀವ ಹಾಕಿ ಸಾಕುತ್ತೇನೆ ಎಂದು ಗೋಗರೆದೆ. ಅತ್ತೆ ಸ್ವಲ್ಪ ಹೊತ್ತು ಎಲೆ ಜಗಿದಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು.

"ಆತು. ಶಮಶಾದಂದು ಈ ಸಲದ್ದು ನಿನ್ನ ಉಡಿಗಿ. ಹೆಣ್ಣಿರ್ಲಿ, ಗಂಡಿರ್ಲಿ. ಆಕಿಗೆ ನಾ ಹೇಳ್ತೇನಿ. ಕೂಸು ಬಂದ್ರ ಚಡಚಣದ ಮಾತು ಬಂದ್. ನೀ ಕೌದಿ ಹೊಲಿ."

ಕೌದಿ ಹೊಲಿ ಎಂದವಳು ಅವಳೇ. ನಾನಾಗಿ ಶುರು ಮಾಡಿದ್ದಲ್ಲ.

ಕೂಸಿನ ಕೌದಿಗೆ ಹೊಸ ಬಟ್ಟೆ ನಡೆಯುವುದಿಲ್ಲ, ಎಳೆಯ ಮೈಗೆ ಚುಚ್ಚುತ್ತದೆ. ಒಗೆದು ಒಗೆದು ಬೆಣ್ಣೆಯಾದ ಹಳೆಯ ಬಟ್ಟೆ ಬೇಕು, ಅದೂ ಬಾಳಿ ಬದುಕಿದವರದು ಬೇಕು. ಸತ್ತ ನಮ್ಮವ್ವನ ಇಳಕಲ್ ಸೀರೆಯನ್ನು ಟ್ರಂಕಿನ ತಳದಿಂದ ತೆಗೆದೆ. ಇಷ್ಟು ವರ್ಷ ಅದನ್ನು ಮೂಸಿ ನೋಡಿ ಮಡಚಿ ಇಡುತ್ತಿದ್ದವಳು, ಕತ್ತರಿ ಹಾಕಿದೆ. ನನ್ನ ನಿಕಾಹದ ಹಸಿರು ಸೀರೆ ಕತ್ತರಿಸಿದೆ. ನಬಿಲಾಲನ ಹಳೆಯ ರುಮಾಲು ಮೆತ್ತಗಾಗಿತ್ತು. ಅದನ್ನು ಕೂಸಿನ ತಲೆ ಬರುವ ಜಾಗಕ್ಕೆ ಇಟ್ಟೆ. ಅಪ್ಪನ ರುಮಾಲಿನ ಮೇಲೆ ತಲೆ ಇಟ್ಟು ಮಲಗಲಿ ಎಂಬ ಆಸೆ. ಏನು ಹುಚ್ಚಿ ನಾನು!

ಒಳಗೆ ಹಾಕುವ ದೊಡ್ಡ ಬಟ್ಟೆ ಸಾಲಲಿಲ್ಲ. ಎದುರು ಮನೆಯ ರಂಗೂಬಾಯಿಯ ಹತ್ತಿರ ಹೋದೆ. ಅವರು ವೈಷ್ಣವರು. ಗಂಡ ಪಂಢರಿನಾಥ ಮಾಸ್ತರರು ಸಾಲಿಯಲ್ಲಿ ಹೆಡ್‌ಮಾಸ್ತರರು. ರಂಗೂಬಾಯಿ ಮಡಿಯವಳು, ಬಾಯಿ ಮಾತ್ರ ಮಡಿಯದಲ್ಲ. ಹಳೆಯ ಒಂಬತ್ತುವಾರಿ ಸೀರೆಯೊಂದನ್ನು ತಂದು, ಕಟ್ಟೆಯ ಮೇಲೆ ನಿಂತು, ಕೆಳಗಿದ್ದ ನನ್ನ ಸೆರಗಿನೊಳಗೆ ಮೇಲಿಂದಲೇ ಬಿಟ್ಟಳು.

"ನಮ್ಮ ಆರೂ ಮಕ್ಕಳ ಬಾಣಂತನದಾಗ ಇದನ್ನ ಉಟ್ಟೀನಿ. ಆರೂ ಬದುಕ್ಯಾವ. ತಗೊ, ಚಲೋ ಸೀರಿ," ಎಂದಳು. ಆಮೇಲೆ ಸುಮ್ಮನಿರಬೇಕೋ ಬೇಡವೋ? "ಒಂದು ಮಾತು ಹೇಳ್ತೀನಿ ಸುಗ್ರಾ, ಸಿಟ್ಟಾಗಬ್ಯಾಡ. ಹೆಣ್ಣಾದ್ರ ಕೊಡ್ತಾರ. ಗಂಡಾದ್ರ ಕೊಡೂದಿಲ್ಲ ನೋಡು."

"ನಮ್ಮ ಅತ್ತಿ ಮಾತು ಕೊಟ್ಟಾಳ್ರಿ ಬಾಯಾರ."

"ಕೊಟ್ಟಾಳ, ಕೊಟ್ಟಾಳ. ನಮ್ಮ ಅತ್ತಿನೂ ಭಾಳ ಮಾತು ಕೊಟ್ಟಿದ್ಲು."

ನನಗೆ ಎಂಥ ಸಿಟ್ಟು ಬಂತೆಂದರೆ, ಸೀರೆಯನ್ನು ಅವಳ ಮುಖಕ್ಕೇ ಒಗೆದು ಬರಬೇಕೆನಿಸಿತು. ಒಗೆಯಲಿಲ್ಲ. ಬಟ್ಟೆ ಮೆತ್ತಗಿತ್ತು. ಆದರೆ ಆಮೇಲೆ ತಿಂಗಳಗಟ್ಟಲೆ ರಂಗೂಬಾಯಿಯ ಜೊತೆ ಮಾತು ಬಿಟ್ಟೆ. ಬಾವಿಯ ಹತ್ತಿರ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದೆ.

ಹೊಲಿದೆ. ಮಧ್ಯಾಹ್ನ ಅಡಿಗೆ ಮುಗಿದ ಮೇಲೆ ಅಂಗಳದ ನೆರಳಿನಲ್ಲಿ ಹಾಸಿ, ಮೊಣಕಾಲಿನಿಂದ ಒತ್ತಿ ಹಿಡಿದು ಹೊಲಿದೆ. ಕೂಸಿನ ಕಾಲ್ಬೆರಳು ಸಿಕ್ಕಬಾರದು, ಅದಕ್ಕೆ ಹೊಲಿಗೆ ಇನ್ನೂ ಸಣ್ಣ ಮಾಡಿದೆ. ದಾರದ ಗಂಟು ಮೈಗೆ ತಾಗಬಾರದು, ಅದಕ್ಕೆ ಒಂದೊಂದು ಗಂಟನ್ನೂ ಪದರದ ಒಳಗೆ ಎಳೆದು ಮುಚ್ಚಿದೆ. ಸೀರೆಯ ಅಂಚಿನಲ್ಲಿ ಬಿರುಸು ಇದ್ದಲ್ಲೆಲ್ಲ ಬಿಚ್ಚಿ ತೆಗೆದೆ. ಹೊಲಿಯುತ್ತ ಮಾತಾಡುತ್ತಿದ್ದೆ, ಕೂಸು ಎದುರಿಗೇ ಮಲಗಿದೆ ಎಂಬಂತೆ. ಇಲ್ಲಿ ಹೊರಳಬೇಡ, ಅಲ್ಲಿ ಸೂಜಿ ಇದೆ, ಎಂದು ಬೈಯುತ್ತಿದ್ದೆ. ನಬಿಲಾಲ ಒಮ್ಮೆ ಕೇಳಿಸಿಕೊಂಡು ನಕ್ಕ. ಎದ್ದು ಬಂದು, ತೊಟ್ಟಿಲ ಹಗ್ಗ ಕಟ್ಟಲು ತೊಲೆಗೆ ಒಂದು ದೊಡ್ಡ ಕೊಂಡಿ ಬಡಿದ. ತಾನೇ ಕಾಸಿ, ತಾನೇ ಬಗ್ಗಿಸಿ ಮಾಡಿದ ಕೊಂಡಿ. ಅದನ್ನೂ ಹೇಳಬೇಕು. ಅವನಿಗೂ ಆಸೆ ಇತ್ತು.

ಕೌದಿ ಮುಗಿಯಿತು. ಮೂರು ಮೂಲೆ ಮುಚ್ಚಿದೆ. ನಾಲ್ಕನೆಯದನ್ನು ಬಿಟ್ಟೆ. ಬಿಳಿ ದಾರ ಪೋಣಿಸಿದ ಸೂಜಿಯನ್ನು ಅದೇ ಮೂಲೆಯಲ್ಲಿ ಸಿಕ್ಕಿಸಿ ಇಟ್ಟೆ. ಕೂಸು ಬಂದ ದಿನ ಅದೇ ದಾರದಿಂದ ಮುಂದುವರಿಸಿದರಾಯಿತು ಎಂದುಕೊಂಡೆ.

ಮಳೆ ಮುಗಿದು ಚಳಿ ಬೀಳುವ ಹೊತ್ತಿಗೆ ಹೊರ್ತಿಯಿಂದ ಸುದ್ದಿ ಬಂತು. ಗಂಡು ಕೂಸು. ಅವ್ವ ಕೂಸು ಆರಾಮ. ಆರನೆಯ ದಿನದ ಛಟ್ಟಿಗೆ ಕೌದಿ ಕಳಿಸಬೇಕಂತೆ, ಹೊರ್ತಿಯಲ್ಲಿ ಚಳಿ ಬಹಳ ಅಂತೆ. ನಲವತ್ತು ದಿನ ಮುಗಿದು ಬಾಣಂತಿ ಸ್ನಾನವಾದ ಮೇಲೆ ಕೂಸು, ಕೌದಿ ಎರಡನ್ನೂ ಕೂಡಿಯೇ ಒಯ್ಯಬಹುದಂತೆ.

ನಾನು ಕುಣಿಯುವುದೊಂದು ಬಾಕಿ. ನಾನೇ ಹೋಗುತ್ತೇನೆ ಎಂದೆ. ನಬಿಲಾಲ ಬೇಡ ಎಂದ.

"ನಲವತ್ತಕ್ಕ ಹೆಂಗೂ ಹೋಗೂದೈತಿ. ಈಗ ನಾ ಕೊಟ್ಟು ಬರ್ತೇನಿ."

ಕೌದಿಯನ್ನು ತೊಳೆದು ಬಿಸಿಲಿಗೆ ಹಾಕಿ, ಮಡಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟೆ. ಮೂಲೆಯಲ್ಲಿ ಸೂಜಿ ಇದೆ, ಕೂಸಿಗೆ ಹಾಸುವ ಮುಂಚೆ ತೆಗೆದು ಇಡಲು ಹೇಳಿರಿ, ಮೂಲೆ ಮಾತ್ರ ಮುಟ್ಟಬಾರದು ಎಂದು ಹೇಳಿರಿ ಎಂದೆ. ಮತ್ತೆ ಹೇಳಿದೆ. ಬಸ್ಸಿನವರೆಗೆ ಹೋಗಿ ಇನ್ನೊಮ್ಮೆ ಹೇಳಿದೆ.

"ಆತು ಮಾರಾಯ್ತಿ! ನಾ ಏನ ಸಣ್ಣ ಹುಡುಗನ?" ಎಂದು ರೇಗಿದ.

ತಿರುಗಿ ಬಂದವನನ್ನು ಬಾಗಿಲಲ್ಲೇ ಹಿಡಿದೆ. ಕೂಸು ಹೇಗಿದೆ, ಮೂಗು ಯಾರ ಹಾಗಿದೆ, ಕೌದಿಯ ಮೇಲೆ ಮಲಗಿತೇ?

"ಚಲೋ ಐತಿ. ಮಲಗೇತಿ. ಕೌದಿ ಭಾಳ ಚಂದ ಆಗೇತಿ ಅಂದ್ರು."

"ಮೂಲಿ?"

"ಮೂಲಿಗೇನಾಗೇತಿ? ಐತಿ."

ಕಾಲು ತೊಳೆಯಲು ಹಿತ್ತಲಿಗೆ ಹೋದ. ಬಹಳ ಹೊತ್ತು ಕಾಲು ತೊಳೆದ. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು. ತಿಳಿಯಲಿಲ್ಲ. ತೊಟ್ಟಿಲು ಬಾಡಿಗೆಗೆ ತರುವುದೋ ಮಾಡಿಸುವುದೋ ಎಂದು ಬಡಿಗೇರ ಪರಪ್ಪನ ಮನೆಗೆ ಓಡಿದೆ. ಆಡು ಸಾಕಿದವರಲ್ಲಿ ಹಾಲು ಹೇಳಿ ಬಂದೆ. ಇನ್ನೇನು ನಾನು ತಾಯಿ ಎಂದು ಎದೆ ಉಬ್ಬಿಸಿಕೊಂಡು ಓಣಿಯಲ್ಲಿ ತಿರುಗಿದೆ. ರಂಗೂಬಾಯಿ ಕಟ್ಟೆಯ ಮೇಲೆ ಕಂಡಾಗ ಬೇಕೆಂದೇ ಜೋರಾಗಿ, "ಗಂಡು ಕೂಸ್ರಿ ಬಾಯಾರ! ನಲವತ್ತು ಮುಗಿದ್ರ ತರ್ತೇವಿ!" ಎಂದು ಕೂಗಿದೆ. ಅವಳು ತಲೆ ಆಡಿಸಿ ಒಳಗೆ ಹೋದಳು.

ನಲವತ್ತರ ಮರುದಿನ ನಸುಕಿನಲ್ಲಿ ಎದ್ದು ಗಂಡ ಹೆಂಡತಿ ಹೊರಟೆವು. ಬುತ್ತಿಗೆ ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ಇನ್ನೊಂದು ಡಬ್ಬಿಯಲ್ಲಿ ಮಾಲದಿ. ಬೆಲ್ಲ ನನ್ನ ಕೈಯಾರೆ ಕುಟ್ಟಿ, ತುಪ್ಪ ಧಾರಾಳ ಸುರಿದು ಮಾಡಿದ್ದು. ಇಂಡಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಬಿಲಾಲ ಕಿಟಕಿಯ ಹೊರಗೆ ಬಿಳಿಜೋಳದ ಹೊಲ ನೋಡುತ್ತ ಕೂತಿದ್ದ. ಬುತ್ತಿ ಕೊಟ್ಟರೆ ಒಲ್ಲೆ, ಹೊಟ್ಟೆ ಸರಿ ಇಲ್ಲ ಎಂದ.

ಹೊರ್ತಿಯ ಮನೆಯಲ್ಲಿ ಶಮಶಾದ ಬಾಗಿಲಿಗೆ ಬಂದು ನೀರು ಕೊಟ್ಟಳು. ನನ್ನ ಮುಖ ನೋಡಲಿಲ್ಲ. ಬಾಬುಲಾಲ "ಬರ್ರಿ ಭಾಬಿ" ಎಂದವನು ಎತ್ತಿಗೆ ನೀರು ಕುಡಿಸುವ ನೆವ ಮಾಡಿ ಹೊರಗೆ ಹೋದ. ನಾನು ಕೈಕಾಲು ತೊಳೆದು ಒಳಗೆ ನಡೆದೆ. ನಡುಮನೆಯಲ್ಲಿ ನೆಲದ ಮೇಲೆ, ನನ್ನ ಕೌದಿಯ ಮೇಲೆ ಕೂಸು ಮಲಗಿತ್ತು. ಮುಷ್ಟಿ ಬಿಗಿ ಹಿಡಿದು, ನಬಿಲಾಲನ ರುಮಾಲಿನ ತುಂಡಿನ ಮೇಲೆ ಸರಿಯಾಗಿ ತಲೆ ಇಟ್ಟು ಮಲಗಿತ್ತು. ನಾನು ಹೇಗೆ ಎಣಿಸಿದ್ದೆನೋ ಹಾಗೆಯೇ. ಬಗ್ಗಿ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಕಣ್ಣು ಮೂಲೆಗೆ ಹೋಯಿತು.

ಮೂಲೆ ಮುಚ್ಚಿತ್ತು. ಕೆಂಪು ದಾರದಿಂದ.

ಇಡೀ ಕೌದಿಗೆ ನಾನು ಒಂದೆಳೆಯೂ ಕೆಂಪು ಹಾಕಿಲ್ಲ. ಹೊಲಿಗೆಯೋ, ಕುಪ್ಪಸದ ಗುಂಡಿ ಹಚ್ಚುವವರ ಹಾಗೆ ಉದ್ದುದ್ದ, ಸೊಟ್ಟಪಟ್ಟ. ಗಂಟು ಮೇಲೆಯೇ ಬಿಟ್ಟಿದ್ದರು, ಕೂಸಿನ ಕಾಲಿಗೆ ಚುಚ್ಚುವ ಹಾಗೆ. ಯಾರೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ನನಗೆ ಎಲ್ಲಾ ಗೊತ್ತಾಯಿತು.

"ಯಾರ ಮುಚ್ಚಿದ್ರು?" ಎಂದೆ.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. "ಕೂತಕೊ ಮದಲ. ದೂರದಿಂದ ಬಂದಿ. ಚಾ ಕುಡಿ."

"ಯಾರ ಮುಚ್ಚಿದ್ರು ಅತ್ತೀ?"

"ಶಮಶಾದ ಮುಚ್ಯಾಳ. ಏನ್ ಮಾಡೂದು, ಕೂಸು ಭಾಳ ಅಳತಿತ್ತು. ಕೌದಿ ಹಸದೈತಿ, ಅದಕ್ಕ ಅಳಾಕತ್ತೈತಿ ಅಂತ ನಾನ ಹೇಳಿದೆ. ಒಂದು ಚಿಟಿಕಿ ಹಾಕಿ ಮುಚ್ಚಿದ್ಲು. ಅಷ್ಟ."

ಅಷ್ಟೇ ಅಂತೆ! ನೂರು ಸಲ ತನ್ನ ಮೂಲೆಯ ಕಥೆ ಹೇಳಿದ ಬಾಯಿ, ಅಷ್ಟೇ ಅನ್ನುತ್ತಿತ್ತು.

"ಮೂಲಿ ಮುಚ್ಚಿದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ, ಗೊತ್ತೈತಿ. ಎದರ ಮಾತಾಡಬ್ಯಾಡ." ಅತ್ತೆಯ ದನಿ ಏರಿತು. "ಎರಡು ಹೆಣ್ಣಿನ ಮ್ಯಾಲ ಒಂದು ಗಂಡು ಆಗೇತಿ ಆಕಿಗೆ. ಹೆಂಗ ಕೊಡ್ತಾಳ? ನಾ ಹೆಂಗ ಕೊಡು ಅನ್ಲಿ? ಹೆಣ್ಣಾಗಿದ್ರ ನಾನ ತಂದು ನಿನ್ನ ಉಡಿಗಿ ಹಾಕತಿದ್ದೆ."

"ಹೆಣ್ಣಿರ್ಲಿ ಗಂಡಿರ್ಲಿ ಅಂದಿದ್ರಿ. ನನ್ನ ತಲಿ ಮ್ಯಾಲ ಕೈ ಇಟ್ಟು ಅಂದಿದ್ರಿ."

"ಅಂದಿದ್ದೆ. ಯಾರ ಗಂಡು ಅಕ್ಕೈತಿ ಅಂದ್ಕೊಂಡಿದ್ರು?"

ಶಮಶಾದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಳಲಿ. ಮಗ ಅವಳ ಮುಂದೆ ಮಲಗಿದ್ದ, ಅಳಲು ಅವಳಿಗೇನು ಕಷ್ಟ? ನಾನು ಅವಳತ್ತ ನೋಡದೆ ನಬಿಲಾಲನತ್ತ ತಿರುಗಿದೆ. ನೀವಾದರೂ ಕೇಳಿರಿ, ನಿಮ್ಮ ಅವ್ವ, ನಿಮ್ಮ ತಮ್ಮ, ಒಂದು ಮಾತು ಆಡಿರಿ ಎಂದೆ.

ಅವನು ತೊಲೆ ನೋಡುತ್ತಿದ್ದ.

ಅತ್ತೆಯೇ ಹೇಳಿದಳು. "ಅವಗೇನ ಕೇಳ್ತಿ? ಅವನ ಎದರಿಗೇ ಮುಚ್ಚೇವಿ. ಛಟ್ಟಿ ದಿನ ಕೌದಿ ತಂದಾಂವ ಇಲ್ಲೇ ಕೂತಿದ್ದ. ಅವನ್ನ ಕೇಳೇ ಮುಚ್ಚೇವಿ. ಮಾಲದಿನೂ ತಿಂದು ಹೋಗ್ಯಾನ."

ಅದನ್ನು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಅದು ಆಮೇಲೆ ಬಂತು, ಇನ್ನೂ ಹೋಗಿಲ್ಲ. ಛಟ್ಟಿಯಿಂದ ಆ ಹೊತ್ತಿನವರೆಗೆ ಈ ಮನುಷ್ಯ ನನ್ನ ಪಕ್ಕದಲ್ಲಿ ಉಂಡಿದ್ದ, ಮಲಗಿದ್ದ. ನಾನು ತೊಟ್ಟಿಲಿಗೆ ಓಡಿದ್ದನ್ನು, ಆಡಿನ ಹಾಲು ಹೇಳಿ ಬಂದದ್ದನ್ನು, ಓಣಿಯಲ್ಲಿ ಕೂಗಿದ್ದನ್ನು ನೋಡಿದ್ದ. ನಿಲ್ಲು ಸುಗ್ರಾ ಎಂದು ಒಂದು ಮಾತು ಹೇಳಿರಲಿಲ್ಲ. ಬೆಳಿಗ್ಗೆ ನಾನು ಮಾಲದಿ ಕಲಸುವಾಗಲೂ ಎದುರಿಗೇ ಕೂತು ಬೀಡಿ ಸೇದುತ್ತಿದ್ದ.

"ಮಾಲದಿ ಸಿಹಿ ಇತ್ತೇನ್ರಿ?" ಎಂದು ಕೇಳಿದೆ.

ಕಡೆಗೆ ಅವನ ಬಾಯಿಂದ ಹೊರಟ ಮಾತು ಇದು: "ಅವ್ವ ಚಡಚಣದವರಿಗೆ ಮಾತು ಕೊಟ್ಟಾಳ. ಮುಂದಿನ ತಿಂಗಳ ನಿಕಾಹ್ ಐತಿ. ನಿನಗ ಹೇಳಬೇಕು ಅಂತಿದ್ದೆ..."

ಹೇಳಬೇಕು ಅಂತಿದ್ದನಂತೆ.

ನಾನು ಬಗ್ಗಿ ಕೂಸನ್ನು ಎತ್ತಿದೆ. ಎಲ್ಲರೂ ಗಾಬರಿಯಾದರು, ಶಮಶಾದ "ಅಕ್ಕಾ!" ಎಂದು ಚೀರಿದಳು. ಏನು ಮಾಡುತ್ತೇನೆ ಎಂದುಕೊಂಡರೋ! ಆ ಕೂಸಿನ ನೆತ್ತಿ ಮೂಸಿದೆ. ಒಂದೇ ಸಲ. ಕಣ್ಣು ಬಿಟ್ಟು ನನ್ನನ್ನು ನೋಡಿತು, ಆಕಳಿಸಿತು. ಅದನ್ನು ಅವಳ ಉಡಿಯಲ್ಲಿ ಇಟ್ಟೆ. ಕೌದಿಯನ್ನು ನೆಲದಿಂದ ಎಳೆದುಕೊಂಡೆ. ಕೂಸಿನ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಹೊಸ್ತಿಲ ಮೇಲೆ ಕೂತು ಕೆಂಪು ದಾರವನ್ನು ಹಲ್ಲಿನಿಂದ ಕಡಿದೆ. ಸೊಟ್ಟ ಹೊಲಿಗೆ, ಎರಡು ಸಲ ಎಳೆಯುವುದರೊಳಗೆ ಬಿಚ್ಚಿತು. ಒಳಗೆ ಒಣಗಿದ ಮಾಲದಿ ಇತ್ತು. ಅಂಗಳಕ್ಕೆ ಝಾಡಿಸಿದೆ. ಕೋಳಿಗಳು ಓಡಿ ಬಂದವು.

"ಅಕ್ಕಾ, ನಿಮ್ಮ ಕಾಲ ಬೀಳ್ತೇನಿ, ಮೂಲಿ ತೆರದು ಒಯ್ಯಬ್ಯಾಡ್ರಿ!" ಶಮಶಾದ ಕೂಸನ್ನು ಅವಚಿಕೊಂಡು ಹೊಸ್ತಿಲವರೆಗೆ ಬಂದಳು. "ನನ್ನ ಕೂಸಿಗೆ ಏನರ ಆದ್ರ?"

"ಏನೂ ಆಗೂದಿಲ್ಲ. ಸುಮ್ನಿರು," ಎಂದೆ. "ಇದು ನಿನ್ನ ಕೂಸಿನ ಕೌದಿ ಅಲ್ಲ. ಇದು ನನ್ನ ಕೂಸಿಂದು. ಅದು ಹುಟ್ಟಲೇ ಇಲ್ಲ."

ಅತ್ತೆ ಒಳಗಿನಿಂದ ಒದರುತ್ತಲೇ ಇದ್ದಳು, ಬಂಜೆಯ ನೆರಳು, ಹೊಟ್ಟೆಕಿಚ್ಚು, ಏನೇನೋ. ನಾನು ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ನಡೆದೆ. ನಬಿಲಾಲ ಹಿಂದೆ ಬಂದ. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಕೂಡಲು ಬಂದಾಗ ಮಾಲದಿಯ ಡಬ್ಬಿಯನ್ನು ಆ ಜಾಗದಲ್ಲಿ ಇಟ್ಟೆ. ಇಂಡಿಯವರೆಗೂ ನಿಂತೇ ಬಂದ.

ಸಿಂದಗಿಯಲ್ಲಿ ಕೂಸಿಲ್ಲದೆ ಇಳಿದು ಓಣಿಗೆ ಬಂದಾಗ ರಂಗೂಬಾಯಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿದ್ದೆನಲ್ಲ ಎಂದು ಅಂದರೆ ಕಲ್ಲು ತಗೊಂಡು ಹೊಡೆಯಬೇಕು ಎಂದುಕೊಂಡೆ. ಅವಳು ನನ್ನನ್ನು ನೋಡಿದಳು, ಹೆಗಲ ಮೇಲಿನ ಕೌದಿ ನೋಡಿದಳು. ಮೊರ ಬದಿಗಿಟ್ಟು ಕೆಳಗಿಳಿದು ಬಂದು ನನ್ನ ಕೈ ಹಿಡಿದಳು. ಮಡಿಯಲ್ಲಿದ್ದವಳು. ಆಮೇಲೆ ಮತ್ತೆ ಸ್ನಾನ ಮಾಡಿರಬೇಕು. ನಾನು ಅವಳ ಮುಂದೆ ಗೊಳೋ ಎಂದು ಅತ್ತೆ.

ಸಾಬೀರಾ ಬಂದಳು. ಅವಳನ್ನು ದ್ವೇಷ ಮಾಡಬೇಕೆಂದು ಗಟ್ಟಿ ಮನಸ್ಸು ಮಾಡಿ ಕೂತಿದ್ದೆ. ಬಂದವಳು ನನಗೊಬ್ಬ ಮಗಳಿದ್ದರೆ ಆ ವಯಸ್ಸಿನವಳು, ತಾಯಿ ಇಲ್ಲದವಳು. ಮೊದಲ ದಿನವೇ ಒಲೆ ಹೊತ್ತಿಸಲು ಬಾರದೆ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ, "ಅಕ್ಕಾ, ಜರಾ ಬರ್ತೀರೇನ್ರಿ?" ಎಂದಳು. ಇಂಥವಳನ್ನು ಹೇಗೆ ದ್ವೇಷ ಮಾಡುವುದು? ಆದರೂ ಆದಷ್ಟು ಮಾಡಿದೆ. ಬೈದೆ, ಮೂತಿ ತಿರುವಿದೆ. ಅವಳು ಎಲ್ಲಕ್ಕೂ "ಹೌದ್ರಿ ಅಕ್ಕಾ" ಎಂದಳು. ಬರಬರುತ್ತ ನನಗೇ ಸಾಕಾಯಿತು.

ಒಂದು ವರ್ಷ ಹೋಯಿತು, ಇನ್ನೊಂದು ಹೋಯಿತು, ಮತ್ತೂ ಹೋದವು. ಸಾಬೀರಾಳ ಹೊಟ್ಟೆ ನನ್ನ ಹೊಟ್ಟೆಯ ಹಾಗೆಯೇ ಚಪ್ಪಟೆ ಉಳಿಯಿತು. ಅತ್ತೆ ತಾಯತ ಕಟ್ಟಿಸಿದಳು, ದರ್ಗಾಕ್ಕೆ ಕರೆದೊಯ್ದಳು, ಬೇರು ಅರೆದು ಕುಡಿಸಿದಳು. ನನಗೆ ಮಾಡಿದ್ದೆಲ್ಲವನ್ನೂ ಅವಳಿಗೆ ಮಾಡಿದಳು. ಊರಿನಲ್ಲಿ ನಮ್ಮಿಬ್ಬರನ್ನೂ ಬಂಜೆ ಅಂದರು. ಎರಡು ಹೊಲ ಬೆಳೆಯದಿದ್ದರೆ ಬೀಜ ನೋಡಬೇಕು ಎಂದು ಯಾರೊಬ್ಬರಿಗೂ ಹೊಳೆಯಲಿಲ್ಲ. ಹೊಳೆದರೂ ಅನ್ನಲಿಲ್ಲ. ನಾನು ಒಮ್ಮೆ ಅಂದೆ, ನಬಿಲಾಲನ ಮುಖಕ್ಕೇ. ಅವನು ತೊಲೆ ನೋಡಿದ. ಅವನೇ ಬಡಿದ ತೊಟ್ಟಿಲ ಕೊಂಡಿ ಅಲ್ಲಿ ಇನ್ನೂ ಇತ್ತು.

ಕಳೆದ ತಿಂಗಳು ಅತ್ತೆ ಮತ್ತೆ ಬಂದಳು. ನೀರು ಕುಡಿದಳು, ಎಲೆ ಅಡಿಕೆ ಹಾಕಿಕೊಂಡಳು. ಮುದುಕಿಯಾಗಿದ್ದಾಳೆ, ಆದರೆ ನಾಲಿಗೆ ಹಾಗೆಯೇ ಇದೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ನಬಿಲಾಲ ಬಾಗಿಲ ಹತ್ತಿರ ಕೂತಿದ್ದ. ಶಮಶಾದ ಇಷ್ಟು ವರ್ಷದ ಮೇಲೆ ಮತ್ತೆ ಬಸುರಿಯಂತೆ. ಸಾಬೀರಾಳನ್ನು ಹತ್ತಿರ ಕೂಡಿಸಿಕೊಂಡು, ತಲೆಯ ಮೇಲೆ ಕೈ ಇಟ್ಟು ಹೇಳಿದಳು:

"ಈ ಸಲದ್ದು ನಿನ್ನ ಉಡಿಗಿ. ಹೆಣ್ಣಿರ್ಲಿ, ಗಂಡಿರ್ಲಿ. ಅಕ್ಕನ ಕಡಿಂದ ಕಲತು ಕೌದಿ ಹೊಲಿ."

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ನಾನು ಎದ್ದು ಟ್ರಂಕು ತೆಗೆದೆ. ತಳದಲ್ಲಿದ್ದ ಕೌದಿಯನ್ನು ಹೊರಗೆ ತಂದೆ. ಅದರ ಮೂಲೆ ತೆರೆದೇ ಇತ್ತು. ಬುಟ್ಟಿಯಿಂದ ಒಂದು ಚೂರು ಕಟಕ ರೊಟ್ಟಿ ಮುರಿದು ಸಂದಿಯಲ್ಲಿ ತುರುಕಿ, ಅವರ ಮೂವರ ಎದುರಿಗೇ ಕೂತು ಬಿಳಿ ದಾರದಿಂದ ಮುಚ್ಚಿದೆ. ಅಕ್ಕಿಕಾಳಿನಂಥ ಹೊಲಿಗೆ. ಅವಸರ ಮಾಡಲಿಲ್ಲ. ಅತ್ತೆ ಎಲೆ ಜಗಿಯುವುದನ್ನು ನಿಲ್ಲಿಸಿದ್ದಳು.

ದಾರ ಕಡಿದು ಕೌದಿಯನ್ನು ನಬಿಲಾಲನ ಮುಂದೆ ಒಗೆದೆ.

"ಎತ್ತು ಕೆಡವಿ ಬರೀ ನೆಲಕ್ಕ ಮೊಣಕಾಲು ಊರತೀರಿ, ನೋವು ಅಂತೀರಿ. ನಾಳಿಂದ ಇದನ್ನ ಹಾಸಿಕೋರಿ. ನಿಮ್ಮ ಕೂಸಿಂದು ಐತಿ, ಮೆತ್ತಗೈತಿ."

ಅವನು ಬೇಡ ಅನ್ನಲಿಲ್ಲ. ಅಂದಿದ್ದರೆ ಅವತ್ತು ನಾನು ಏನು ಮಾಡುತ್ತಿದ್ದೆನೋ. ಮರುದಿನ ಬೆಳಿಗ್ಗೆ ನಾಲಿನ ಚೀಲದ ಜೊತೆ ಕೌದಿಯನ್ನೂ ಹೆಗಲಿಗೆ ಹಾಕಿಕೊಂಡು ಹೋದ. ದಿನಾ ಒಯ್ಯುತ್ತಾನೆ. ಬೇವಿನ ಗಿಡದ ಕೆಳಗೆ ನಮ್ಮವ್ವನ ಇಳಕಲ್ಲಿನ ಮೇಲೆ, ರಂಗೂಬಾಯಿಯ ಆರು ಬಾಣಂತನದ ಸೀರೆಯ ಮೇಲೆ, ತನ್ನದೇ ರುಮಾಲಿನ ಮೇಲೆ ಮೊಣಕಾಲೂರಿ ಎತ್ತಿನ ಗೊರಸು ಕೆತ್ತುತ್ತಾನೆ. ಸಂತೆಗೆ ಹೋದಾಗ ನಾನು ದೂರ ನಿಂತು ನೋಡಿ ಬರುತ್ತೇನೆ. ಸೆಗಣಿ, ಮಣ್ಣು, ಗೊರಸಿನ ಚೂರು ಎಲ್ಲಾ ಅಂಟಿ ಬಣ್ಣ ಹೋಗಿದೆ. ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಸಾಬೀರಾ ಓಣಿಯಲ್ಲೆಲ್ಲ ತಿರುಗಿ ಹಳೆಯ ಬಟ್ಟೆ ಕೂಡಿಸಿಕೊಂಡು ಬಂದಳು. ಗಂಟು ಬಿಚ್ಚಿ ನನ್ನ ಮುಂದೆ ಹರವಿ ಕೂತಳು. ನಾನು ಅವಳಿಗೆ ಎಲ್ಲಾ ಹೇಳಿದೆ, ಕೆಂಪು ದಾರದಿಂದ ಹಿಡಿದು ಕೋಳಿಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಸೆರಗಿನ ತುದಿ ಕಚ್ಚಿಕೊಂಡು ಕೇಳಿದಳು. ಅತ್ತಳು ಕೂಡ. ಆಮೇಲೆ ಮೂಗು ಒರೆಸಿಕೊಂಡು, ಒಂದು ಸೀರೆಯ ತುಂಡನ್ನು ಕೆನ್ನೆಗೆ ಒತ್ತಿ, ಇದು ಮೆತ್ತಗಿದೆಯೇ ಎಂದು ಕೇಳಿದಳು.

"ಹೊಲಿ, ನಾ ಬ್ಯಾಡ ಅನ್ನೂದಿಲ್ಲ," ಎಂದೆ. "ಆದ್ರ ನಾಕೂ ಮೂಲಿ ಮುಚ್ಚಿಬಿಡು. ಒಂದೂ ತೆರದು ಬಿಡಬ್ಯಾಡ."

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ತೆರದು ಬಿಡದಿದ್ರ ಕೂಸು ಹ್ಯಾಂಗ ಬರ್ತೈತ್ರಿ ಅಕ್ಕಾ?"

ಸೂಜಿಗೆ ದಾರ ಪೋಣಿಸಲು ಅವಳಿಗೆ ಬರಲಿಲ್ಲ. ಇಸಿದುಕೊಂಡು ನಾನೇ ಪೋಣಿಸಿ ಕೊಟ್ಟೆ.